ರೆಸಿಡೆನ್ಸಿ ಬೇಕೇ? ಆಸ್ಪತ್ರೆಯತ್ತ ಹೊರಟ ಫಾರ್ಮಸಿ ಪದವೀಧರರಿಗೆ ಹದಿಮೂರು ಸೂತ್ರಗಳು

ಅಮೆರಿಕದಲ್ಲಿ ಫಾರ್ಮ್‌.ಡಿ ಓದುತ್ತಿರುವ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಕೊನೆಯ ವರ್ಷದ ದಸರಾ ದೀಪಾವಳಿ ಹೊತ್ತಿಗೆ ಒಂದು ಚರ್ಚೆ ಏಳುತ್ತದೆ. ಪದವಿ ಕೈಗೆ ಬಂದ ಕೂಡಲೇ ಕೆಲಸಕ್ಕೆ ಸೇರುವುದೋ, ಇನ್ನೊಂದು ವರ್ಷ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುವುದೋ? ಮೈಸೂರು, ಮಣಿಪಾಲ, ಬೆಂಗಳೂರು, ಬೆಳಗಾವಿಗಳಲ್ಲಿ ಫಾರ್ಮ್‌.ಡಿ ಮುಗಿಸಿ ಅಮೆರಿಕದ ಕಡೆ ನೋಡುತ್ತಿರುವವರಿಗೂ ಇದೇ ಪ್ರಶ್ನೆ ಸ್ವಲ್ಪ ತಡವಾಗಿ ಎದುರಾಗುತ್ತದೆ. ಕಾಲೇಜಿನ ಪ್ರೊಫೆಸರುಗಳು ‘ಮಾಡಿ’ ಎನ್ನುತ್ತಾರೆ; ಅವರಲ್ಲಿ ಹೆಚ್ಚಿನವರು ತಾವೇ ಮಾಡಿ ಬಂದವರು. ಚೈನ್ ಔಷಧಿ ಅಂಗಡಿಯಲ್ಲಿ ಕೈತುಂಬ ಸಂಬಳ ಎಣಿಸುತ್ತಿರುವ ಸೀನಿಯರ್ ‘ನಿನಗೇನು ಹುಚ್ಚಾ’ ಎನ್ನುತ್ತಾನೆ. ಇಬ್ಬರೂ ತಮ್ಮ ತಮ್ಮ ಬದುಕನ್ನು ಸಮರ್ಥಿಸಿಕೊಳ್ಳುತ್ತಿದ್ದಾರೆ ಅಷ್ಟೇ. ನನ್ನ ಮಟ್ಟಿಗೆ ರೆಸಿಡೆನ್ಸಿ ದುಡ್ಡು, ಸಮಯ, ನಿದ್ದೆ ಮೂರನ್ನೂ ತೆತ್ತು ಕೊಳ್ಳುವ ಸಾಮಾನು. ಅದಿಲ್ಲದೆ ಸಿಗದ ಕೆಲಸವೇ ನಿಮಗೆ ಬೇಕಿದ್ದರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ.

1. ಮೊದಲು ಕೆಲಸ ಆರಿಸಿ

‘ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಬೇಕು’ ಎಂಬ ಆಸೆ ಪೂರ್ತಿಯಾದ ಆಸೆಯಲ್ಲ. ಆಸ್ಪತ್ರೆಯೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಕೇಂದ್ರ ಫಾರ್ಮಸಿಯಲ್ಲಿ ಕೂತು, ವೈದ್ಯರು ಕಂಪ್ಯೂಟರಿಗೆ ಹಾಕಿದ ಆರ್ಡರುಗಳನ್ನು ಒಂದೊಂದಾಗಿ ನೋಡಿ, ಡೋಸ್ ಸರಿಯಿದೆಯೇ, ಅಲರ್ಜಿ ಇದೆಯೇ, ಮೂತ್ರಪಿಂಡ ತಡೆದುಕೊಳ್ಳುತ್ತದೆಯೇ ಎಂದು ಪರಿಶೀಲಿಸಿ ಬಿಡುವುದು ಒಂದು. ಕ್ರಿಮಿರಹಿತ ಕೋಣೆಯಲ್ಲಿ ಟೆಕ್ನಿಷಿಯನ್ನರು ಬೆರೆಸಿದ ಐವಿ ಚೀಲಗಳನ್ನೂ ಕೀಮೋ ಔಷಧಗಳನ್ನೂ ತಪಾಸಣೆ ಮಾಡುವುದು ಇನ್ನೊಂದು. ಈ ಎರಡನ್ನೂ ಮಾಡುವವರು ಸ್ಟಾಫ್ ಫಾರ್ಮಸಿಸ್ಟರು. ಐಸಿಯು, ಕ್ಯಾನ್ಸರ್, ಅಂಗಕಸಿ, ಸೋಂಕುರೋಗ ವಿಭಾಗಗಳಲ್ಲಿ ವೈದ್ಯರ ತಂಡದ ಜೊತೆ ಬೆಳಗಿನ ರೌಂಡ್ಸ್‌ಗೆ ನಿಂತು, ಯಾವ ಔಷಧ, ಎಷ್ಟು, ಎಷ್ಟು ದಿನ ಎಂದು ಸಲಹೆ ಕೊಡುವವರು ಕ್ಲಿನಿಕಲ್ ಸ್ಪೆಷಲಿಸ್ಟರು. ಹೊರರೋಗಿ ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಔಷಧ ಇವುಗಳ ಡೋಸ್ ಹೊಂದಿಸುತ್ತಾ ರೋಗಿಗಳನ್ನು ತಾವೇ ನೋಡುವವರು ನಾಲ್ಕನೆಯ ಗುಂಪು.

ಮೊದಲೆರಡಕ್ಕೆ ರೆಸಿಡೆನ್ಸಿ ಇಲ್ಲದೆಯೂ ಬಾಗಿಲು ತೆರೆಯುತ್ತದೆ. ಕೊನೆಯೆರಡಕ್ಕೆ ತೆರೆಯುವುದು ಕಷ್ಟ.

ಇಲ್ಲೊಂದು ಮಾತು. ಕಾಲೇಜುಗಳಲ್ಲಿ ಸ್ಟಾಫ್ ಕೆಲಸವನ್ನು ಸ್ವಲ್ಪ ಕೆಳಗಿಟ್ಟು ಮಾತಾಡುವ ಚಾಳಿ ಇದೆ. ರಾತ್ರಿ ಎರಡು ಗಂಟೆಗೆ ಮಗುವಿಗೆಂದು ಬಂದ ಹತ್ತುಪಟ್ಟು ಡೋಸ್ ನಿಲ್ಲುವುದು ನೆಲಮಾಳಿಗೆಯ ಕೇಂದ್ರ ಫಾರ್ಮಸಿಯಲ್ಲಿ ಕೂತವರ ಕಣ್ಣಿಂದ. ಆ ಕೆಲಸ ನಿಮಗೆ ಒಪ್ಪುವುದಾದರೆ ಯಾರ ಮುಲಾಜೂ ಬೇಡ.

2. ಇಪ್ಪತ್ತು ಜಾಹೀರಾತು ಓದಿ

ಸ್ನೇಹಿತರನ್ನು ಕೇಳುವ ಮೊದಲು ಇದನ್ನು ಮಾಡಿ. ನೀವು ಬಾಳಬೇಕೆಂದುಕೊಂಡ ಊರಿನ, ನೀವು ಬಯಸುವ ಹುದ್ದೆಯ ಇಪ್ಪತ್ತು ಜಾಹೀರಾತು ಹುಡುಕಿ. ಪ್ರತಿಯೊಂದರಲ್ಲೂ ‘ಪಿಜಿವೈ-1 (ಅಂದರೆ ಮೊದಲ ವರ್ಷದ ರೆಸಿಡೆನ್ಸಿ) ಕಡ್ಡಾಯ’, ‘ಆದ್ಯತೆ’, ‘ಅಥವಾ ಸಮಾನ ಅನುಭವ’ ಇವುಗಳಲ್ಲಿ ಯಾವುದು ಬರೆದಿದೆ ಎಂದು ಗುರುತು ಹಾಕಿ. ಅರ್ಧ ದಿನದ ಕೆಲಸ. ಇಡೀ ದೇಶದ ಸರಾಸರಿಗಿಂತ ಈ ಹಾಳೆ ನಿಮಗೆ ಹೆಚ್ಚು ಹೇಳುತ್ತದೆ.

ಕಾನೂನಿನ ಪ್ರಕಾರ ರೆಸಿಡೆನ್ಸಿ ಎಲ್ಲೂ ಕಡ್ಡಾಯವಲ್ಲ. ನ್ಯಾಪ್ಲೆಕ್ಸ್ ಮತ್ತು ರಾಜ್ಯದ ಕಾನೂನು ಪರೀಕ್ಷೆ ಪಾಸಾಗಿ ಪರವಾನಗಿ ಪಡೆದರೆ ಯಾವ ಆಸ್ಪತ್ರೆಯಲ್ಲಾದರೂ ಕೆಲಸ ಮಾಡಬಹುದು. 2006ರಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟರ ಸಂಘ ಎಸಿಸಿಪಿ, ಮರುವರ್ಷ ಆಸ್ಪತ್ರೆ ಫಾರ್ಮಸಿಸ್ಟರ ಸಂಘ ಎಎಸ್‌ಎಚ್‌ಪಿ, ‘2020ರ ಹೊತ್ತಿಗೆ ರೋಗಿಯ ನೇರ ಆರೈಕೆಗೆ ಬರುವ ಪ್ರತಿ ಹೊಸ ಫಾರ್ಮಸಿಸ್ಟನೂ ರೆಸಿಡೆನ್ಸಿ ಮುಗಿಸಿರಬೇಕು’ ಎಂಬ ನಿಲುವು ತಳೆದವು. 2020 ಬಂತು, ಹೋಯಿತು, ಆ ಗುರಿ ಮುಟ್ಟಲಿಲ್ಲ. ಆದರೆ ದೊಡ್ಡ ನಗರಗಳ ಬೋಧನಾ ಆಸ್ಪತ್ರೆಗಳು ಕಾನೂನಿಗೆ ಕಾಯದೆ ತಮ್ಮ ಜಾಹೀರಾತುಗಳಲ್ಲೇ ಅದನ್ನು ಜಾರಿಗೆ ತಂದುಬಿಟ್ಟಿವೆ. ಸಣ್ಣ ಊರಿನ ಆಸ್ಪತ್ರೆಗಳು ಅಷ್ಟು ಬಿಗಿಯಾಗಿಲ್ಲ. ಅದಕ್ಕೇ ಊರು ಮುಖ್ಯ.

3. ಕಾಗದದ ಮೇಲೆ ಲೆಕ್ಕ ಹಾಕಿ

ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರ ಮೇ ತಿಂಗಳಲ್ಲಿ ಫಾರ್ಮಸಿಸ್ಟರ ನಡುಮಧ್ಯದ ವಾರ್ಷಿಕ ಸಂಬಳ 1,36,030 ಡಾಲರ್. ರೆಸಿಡೆಂಟಿಗೆ ಸಿಗುವುದು ಹೆಚ್ಚಿನ ಕಡೆ 50,000 ಡಾಲರಿನ ಆಸುಪಾಸು. ತೆರಿಗೆಗೆ ಮುಂಚಿನ ಲೆಕ್ಕದಲ್ಲಿ ಒಂದು ವರ್ಷಕ್ಕೆ ಎಂಬತ್ತೈದು ಸಾವಿರ ಡಾಲರಿನಷ್ಟು ಕೈಬಿಟ್ಟ ಹಾಗೆ. ಎರಡನೇ ವರ್ಷವೂ ಮಾಡಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ಇದರ ಮೇಲೆ ಓದಿನ ಸಾಲದ ಬಡ್ಡಿ ಬೇರೆ ಓಡುತ್ತಿರುತ್ತದೆ, ಫಾರ್ಮ್‌.ಡಿ ಮುಗಿಸುವಾಗ ಲಕ್ಷ ಡಾಲರ್ ದಾಟಿದ ಸಾಲ ಅಲ್ಲಿ ಅಪರೂಪವೇನಲ್ಲ.

ಬಿಟ್ಟ ಹಣ ಆಮೇಲೆ ಬಡ್ಡಿಸಮೇತ ವಾಪಸ್ ಬರುತ್ತದೆ ಎಂದು ನಂಬಿಸುವವರಿದ್ದಾರೆ. ನಂಬಬೇಡಿ. ಎಷ್ಟೋ ಆಸ್ಪತ್ರೆಗಳಲ್ಲಿ ಸ್ಟಾಫ್ ಫಾರ್ಮಸಿಸ್ಟ್ ಮತ್ತು ಕ್ಲಿನಿಕಲ್ ಸ್ಪೆಷಲಿಸ್ಟ್ ಇಬ್ಬರ ಸಂಬಳ ಹತ್ತಿರ ಹತ್ತಿರವೇ ಇರುತ್ತದೆ. ರಾತ್ರಿ ಪಾಳಿಯ ಭತ್ಯೆ ಸೇರಿದರೆ ಸ್ಟಾಫ್‌ನವರೇ ಒಂದು ಕೈ ಮೇಲೆ. ಹೆಚ್ಚು ಸಂಬಳದ ಆಸೆಗೆ ರೆಸಿಡೆನ್ಸಿ ಮಾಡುವುದು ತಪ್ಪು ಲೆಕ್ಕ. ಬೇರೆ ಥರದ ದಿನಚರಿಗಾಗಿ ಮಾಡುವುದಾದರೆ ಸರಿ.

ಸಾಲವಿದ್ದವರು ಇನ್ನೊಂದನ್ನು ಗಮನಿಸಿ. ಲಾಭರಹಿತ ಅಥವಾ ಸರ್ಕಾರಿ ಸಂಸ್ಥೆಯಲ್ಲಿ ದುಡಿಯುತ್ತಾ 120 ಕಂತು ಕಟ್ಟಿದವರ ಉಳಿದ ಕೇಂದ್ರ ಸರ್ಕಾರಿ ಸಾಲವನ್ನು ಮನ್ನಾ ಮಾಡುವ ಯೋಜನೆ 2007ರಿಂದ ಇದೆ. ಲಾಭರಹಿತ ಆಸ್ಪತ್ರೆಯ ರೆಸಿಡೆನ್ಸಿ ವರ್ಷವೂ ಈ ಲೆಕ್ಕಕ್ಕೆ ಸೇರುತ್ತದೆ. ಆದಾಯಕ್ಕೆ ತಕ್ಕ ಕಂತಿನ ಯೋಜನೆಯಲ್ಲಿದ್ದರೆ ಆ ವರ್ಷದ ಕಂತು ಸಣ್ಣದಾಗಿರುತ್ತದೆ. ನಿಯಮಗಳು ಆಗಾಗ ಬದಲಾಗುತ್ತವೆ, ಸಾಲ ಕೊಟ್ಟವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳಿ.

4. ಮನೆಯವರಿಗೆ ಈಗಲೇ ಹೇಳಿ

“ಇಷ್ಟು ವರ್ಷ ಓದಿ, ಹೆಸರಿನ ಹಿಂದೆ ಡಾಕ್ಟರ್ ಬಂದಮೇಲೂ ಅರ್ಧ ಸಂಬಳಕ್ಕಾ ಪುಟ್ಟಿ?”

“ಒಂದೇ ವರ್ಷ ಅಪ್ಪಾ, ಆಮೇಲೆ ಐಸಿಯು ಕೆಲಸ.”

ಈ ಮಾತು ಮಾರ್ಚಿಯಲ್ಲಿ ಆಗುವ ಬದಲು ಅಕ್ಟೋಬರಿನಲ್ಲಿ ಆಗಲಿ. ಮದುವೆಯ ಮಾತುಕತೆ, ಮನೆ ಸಾಲ, ಗಂಡನ ಅಥವಾ ಹೆಂಡತಿಯ ಕೆಲಸದ ಊರು ಎಲ್ಲಕ್ಕೂ ಈ ಒಂದು ವರ್ಷ ತಗುಲಿಕೊಳ್ಳುತ್ತದೆ. ಅಭ್ಯರ್ಥಿಗಳನ್ನೂ ಆಸ್ಪತ್ರೆಗಳನ್ನೂ ಜೋಡಿಸುವ ‘ಮ್ಯಾಚ್’ ನಿಮ್ಮನ್ನು ಎರಡು ಸಾವಿರ ಮೈಲಿ ದೂರದ ಊರಿಗೆ ಎತ್ತಿ ಹಾಕಬಹುದು.

5. ಆ ವರ್ಷ ಏನು ಕಲಿಸುತ್ತದೆ ಎಂದು ತಿಳಿದಿರಿ

1927ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಾರ್ವೆ ವಿಟ್ನಿ ಎಂಬ ಫಾರ್ಮಸಿಸ್ಟ್ ಮೊದಲ ಆಸ್ಪತ್ರೆ ಫಾರ್ಮಸಿ ಇಂಟರ್ನ್‌ಶಿಪ್ ಶುರು ಮಾಡಿದರು. ಇಂದಿನ ರೆಸಿಡೆನ್ಸಿಯ ಬೇರು ಅಲ್ಲಿದೆ. ಆಗ ಅದು ಮುಖ್ಯವಾಗಿ ಆಸ್ಪತ್ರೆಯ ಔಷಧ ವಿಭಾಗವನ್ನು ನಡೆಸುವ ತರಬೇತಿ. ಈಗ ಅದರ ತಿರುಳು ರೋಗಿಯ ಹಾಸಿಗೆಯ ಹತ್ತಿರವಿದೆ.

ರೆಸಿಡೆಂಟಿನ ಒಂದು ದಿನ ಸಾಮಾನ್ಯವಾಗಿ ಹೀಗಿರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆ. ತನ್ನ ಪಾಲಿನ ರೋಗಿಗಳ ರಾತ್ರಿಯ ಪರೀಕ್ಷಾ ವರದಿ, ಕಲ್ಚರ್ ಫಲಿತಾಂಶ, ಜ್ವರ, ಮೂತ್ರದ ಪ್ರಮಾಣ, ಕ್ರಿಯಾಟಿನಿನ್ ಎಲ್ಲವನ್ನೂ ನೋಡಿ ಟಿಪ್ಪಣಿ. ರೌಂಡ್ಸ್. ಅಲ್ಲಿ ವೈದ್ಯರು ‘ಫಾರ್ಮಸಿ ಏನು ಹೇಳುತ್ತದೆ?’ ಎಂದು ತಿರುಗಿ ನೋಡಿದಾಗ ಉತ್ತರ ಬಾಯಲ್ಲಿರಬೇಕು. ಮಧ್ಯಾಹ್ನ ತರಬೇತಿ ಕೊಡುವ ಹಿರಿಯ ಫಾರ್ಮಸಿಸ್ಟ್, ಅಂದರೆ ಪ್ರಿಸೆಪ್ಟರ್ ಜೊತೆ ಚರ್ಚೆ. ‘ಯಾಕೆ ಹಾಗೆ ಹೇಳಿದೆ? ಆಧಾರ ಏನು?’ ಎಂದು ಅವರು ಸಿಪ್ಪೆ ಸುಲಿಯುತ್ತಾರೆ. ಹೃದಯ ನಿಂತ ರೋಗಿಗಾಗಿ ಕೋಡ್ ಬ್ಲೂ ಕೂಗು ಬಂದರೆ ಓಡಬೇಕು. ಸಂಜೆ ಸಂಶೋಧನಾ ಪ್ರಾಜೆಕ್ಟ್. ಸರದಿಯ ವಾರಾಂತ್ಯಗಳಲ್ಲಿ ಸ್ಟಾಫ್ ಫಾರ್ಮಸಿಸ್ಟ್ ಆಗಿ ಪಾಳಿ. ವಾರಕ್ಕೆ ಸರಾಸರಿ 80 ಗಂಟೆ ಮೀರಬಾರದೆಂಬ ನಿಯಮ ಎಎಸ್‌ಎಚ್‌ಪಿಯದು. ಅಂಥ ನಿಯಮ ಬೇಕಾಯಿತು ಎಂಬುದರಲ್ಲೇ ಕೆಲಸ ಎಷ್ಟೆಂದು ಊಹಿಸಿಕೊಳ್ಳಿ.

ಒಂದು ಉದಾಹರಣೆ ಕೊಡುತ್ತೇನೆ. ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕವನ್ನು ಗಂಭೀರ ಎಂಆರ್‌ಎಸ್‌ಎ ಸೋಂಕಿಗೆ ಕೊಡುವಾಗ ಮೊದಲು ಮುಂದಿನ ಡೋಸಿಗೆ ಮುಂಚಿನ ರಕ್ತದ ಮಟ್ಟವನ್ನು 15ರಿಂದ 20ರ ನಡುವೆ ಇಡಿ ಎನ್ನುತ್ತಿದ್ದರು. ಮೂತ್ರಪಿಂಡಕ್ಕೆ ಪೆಟ್ಟಾಗುತ್ತಿದೆ ಎಂದು ಕಂಡು, 2020ರ ಮಾರ್ಗಸೂಚಿ ಅದನ್ನು ಕೈಬಿಟ್ಟು, ದಿನವಿಡೀ ದೇಹ ಕಾಣುವ ಒಟ್ಟು ಔಷಧದ ಅಳತೆಯನ್ನು 400ರಿಂದ 600ರೊಳಗೆ ಹಿಡಿಯಿರಿ ಎಂದಿತು. ಇದನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆಯಬಹುದು. ಆದರೆ ರಾತ್ರೋರಾತ್ರಿ ಕ್ರಿಯಾಟಿನಿನ್ ಏರಿದೆ, ನರ್ಸು ರಕ್ತವನ್ನು ಎರಡು ಗಂಟೆ ತಡವಾಗಿ ತೆಗೆದಿದ್ದಾರೆ, ಸರ್ಜನ್ ಡೋಸ್ ಏರಿಸಿ ಎನ್ನುತ್ತಿದ್ದಾರೆ ಎಂಬಾಗ ಏನು ಮಾಡಬೇಕೆಂಬುದು ಪುಸ್ತಕದಲ್ಲಿಲ್ಲ. ಹತ್ತಾರು ಇಂಥ ಬೆಳಗುಗಳನ್ನು ಬೆನ್ನ ಹಿಂದೆ ಅನುಭವಿಯೊಬ್ಬರು ನಿಂತಿರುವಾಗಲೇ ಕಳೆಯುವುದು ರೆಸಿಡೆನ್ಸಿ. ಕೆಲಸಕ್ಕೆ ಸೇರಿದವರೂ ಇದನ್ನು ಕಲಿಯುತ್ತಾರೆ, ನಿಧಾನವಾಗಿ, ಹಾಗೂ ಬೆನ್ನ ಹಿಂದೆ ಯಾರೂ ಇಲ್ಲದೆ.

6. ಈ ಕಾರಣಗಳಿಗೆ ಮಾಡಬೇಡಿ

ಗೆಳೆಯರೆಲ್ಲ ಅರ್ಜಿ ಹಾಕುತ್ತಿದ್ದಾರೆ. ಕೆಲಸ ಹುಡುಕಲು ಭಯ. ಔಷಧಿ ಅಂಗಡಿಯ ಕೌಂಟರ್ ಕಂಡರೆ ಅಲರ್ಜಿ. ಪ್ರೊಫೆಸರ್ ಬೇಸರ ಮಾಡಿಕೊಳ್ಳುತ್ತಾರೆ. ಈ ನಾಲ್ಕರಲ್ಲಿ ಒಂದೇ ನಿಮ್ಮ ಕಾರಣವಾಗಿದ್ದರೆ ಜನವರಿಯ ಕತ್ತಲ ಬೆಳಗುಗಳಲ್ಲಿ ಅದು ನಿಮ್ಮನ್ನು ಎಬ್ಬಿಸುವುದಿಲ್ಲ.

7. ಎರಡನೇ ವರ್ಷವನ್ನು ಮೊದಲೇ ತಲೆಗೆ ಹಚ್ಚಿಕೊಳ್ಳಬೇಡಿ

ಪಿಜಿವೈ-1 ಎಲ್ಲವನ್ನೂ ಮುಟ್ಟಿಸುತ್ತದೆ. ಎರಡನೇ ವರ್ಷದ ಪಿಜಿವೈ-2 ಒಂದೇ ವಿಭಾಗದಲ್ಲಿ ಆಳಕ್ಕೆ ಇಳಿಸುತ್ತದೆ. ಕ್ಯಾನ್ಸರ್, ಅಂಗಕಸಿ, ಮಕ್ಕಳ ಐಸಿಯು, ಸೋಂಕುರೋಗದಂಥ ಕಡೆ ದೊಡ್ಡ ಆಸ್ಪತ್ರೆಗಳು ಎರಡನ್ನೂ ಕೇಳುತ್ತವೆ. ಸಾಮಾನ್ಯ ವಾರ್ಡಿನ ಕ್ಲಿನಿಕಲ್ ಹುದ್ದೆಗೆ ಒಂದು ಸಾಕು. ಹಣದ ಹಿನ್ನೆಲೆಯನ್ನೂ ತಿಳಿದಿರಿ: ಮಾನ್ಯತೆ ಪಡೆದ ಪಿಜಿವೈ-1 ತರಬೇತಿಯ ವೆಚ್ಚದಲ್ಲಿ ಒಂದು ಪಾಲನ್ನು ಮೆಡಿಕೇರ್ ಎಂಬ ಸರ್ಕಾರಿ ವಿಮೆ ಆಸ್ಪತ್ರೆಗೆ ತುಂಬಿಕೊಡುತ್ತದೆ, ಪಿಜಿವೈ-2ಕ್ಕೆ ಕೊಡುವುದಿಲ್ಲ. ಹಾಗಾಗಿ ಎರಡನೇ ವರ್ಷದ ಸೀಟುಗಳು ಕಡಿಮೆ.

ಪಿಜಿವೈ-1 ಮಾಡುತ್ತಿರುವ ಆಸ್ಪತ್ರೆಯಲ್ಲೇ ಪಿಜಿವೈ-2 ಇದ್ದರೆ, ಮ್ಯಾಚ್‌ಗೆ ಮುಂಚೆಯೇ ಎರಡೂ ಕಡೆ ಒಪ್ಪಿಕೊಂಡು ಸೀಟು ಗಟ್ಟಿ ಮಾಡಿಕೊಳ್ಳುವ ಅವಕಾಶವಿದೆ. ತೊಡಕೆಂದರೆ ಸೇರಿ ಕೆಲವೇ ತಿಂಗಳಲ್ಲಿ ತೀರ್ಮಾನ ಕೇಳುತ್ತಾರೆ, ಆಗಿನ್ನೂ ನೀವು ಎರಡು ಮೂರು ವಿಭಾಗ ನೋಡಿರುತ್ತೀರಿ ಅಷ್ಟೇ. ಐಸಿಯು ಬೇಕೆಂದು ಬಂದು ಡಿಸೆಂಬರಿನಲ್ಲಿ ಕ್ಯಾನ್ಸರ್ ವಿಭಾಗಕ್ಕೆ ಮನಸೋಲುವುದು ಆಗುವಂಥದ್ದೇ.

8. ಕಾರ್ಯಕ್ರಮವನ್ನು ರೆಸಿಡೆಂಟರ ಬಾಯಿಂದ ಅಳೆಯಿರಿ

ಆಸ್ಪತ್ರೆಯ ದೊಡ್ಡ ಹೆಸರು ಮುನ್ನೂರು ಹಾಸಿಗೆಯ ಒಳ್ಳೆಯ ಆಸ್ಪತ್ರೆಯೊಂದನ್ನು ನಿಮ್ಮ ಕಣ್ಣಿಂದ ಮರೆಮಾಡಬಹುದು. ಎಎಸ್‌ಎಚ್‌ಪಿ ಮಾನ್ಯತೆ ಇದೆಯೇ, ಅಥವಾ ಇನ್ನೂ ಅರ್ಜಿ ಹಂತದಲ್ಲಿದೆಯೇ ನೋಡಿ. ಆಮೇಲೆ ಈಗಿನ ರೆಸಿಡೆಂಟರನ್ನು, ಮೇಲಿನವರು ಹತ್ತಿರ ಇಲ್ಲದಾಗ, ಕೇಳಿ: ಎಷ್ಟು ವಾರಕ್ಕೊಮ್ಮೆ ವಾರಾಂತ್ಯದ ಪಾಳಿ? ಕಳೆದೆರಡು ವರ್ಷದವರು ಈಗ ಎಲ್ಲಿದ್ದಾರೆ? ಅರ್ಧದಲ್ಲಿ ಯಾರಾದರೂ ಬಿಟ್ಟರೇ? ಪ್ರಿಸೆಪ್ಟರುಗಳು ನಿಂತಿದ್ದಾರೋ, ಪದೇ ಪದೇ ಬದಲಾಗುತ್ತಿದ್ದಾರೋ? ಮತ್ತೆ ಸೇರಬೇಕಿದ್ದರೆ ಇಲ್ಲಿಗೇ ಸೇರುತ್ತಿದ್ದಿರಾ?

ಕೊನೆಯ ಪ್ರಶ್ನೆಗೆ ಉತ್ತರ ಬರುವ ಮುಂಚಿನ ಮೌನದ ಉದ್ದವನ್ನು ಗಮನಿಸಿ. ಸಿಬ್ಬಂದಿ ಕೊರತೆ ತುಂಬಿಕೊಳ್ಳಲು ಅಗ್ಗದ ಫಾರ್ಮಸಿಸ್ಟ್ ಬೇಕಿರುವ ಜಾಗಗಳೂ ಇವೆ. ಅಲ್ಲಿ ಕಲಿಕೆ ಕಡಿಮೆ, ಪಾಳಿ ಹೆಚ್ಚು.

9. ಅರ್ಜಿಯ ಪಂಚಾಂಗ ಬಾಯಿಪಾಠವಿರಲಿ

ಶರತ್ಕಾಲದ ಕೊನೆಗೆ ಫೋರ್ಕಾಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆ ತೆರೆಯುತ್ತದೆ. ಡಿಸೆಂಬರಿನಲ್ಲಿ ಎಎಸ್‌ಎಚ್‌ಪಿಯ ಮಿಡ್‌ಇಯರ್ ಸಮ್ಮೇಳನ. ನೂರಾರು ಆಸ್ಪತ್ರೆಗಳು ಮೇಜು ಹಾಕಿ ಕೂತಿರುವ ಜಾತ್ರೆ ಅದು. ಹೊಸ ವರ್ಷದ ಆಸುಪಾಸಿಗೆ ಅರ್ಜಿ ಮುಕ್ತಾಯ, ಜನವರಿ ಫೆಬ್ರವರಿ ಸಂದರ್ಶನ, ಮಾರ್ಚಿ ಆರಂಭದಲ್ಲಿ ಆದ್ಯತಾ ಪಟ್ಟಿ, ಮಾರ್ಚಿ ಮಧ್ಯಕ್ಕೆ ಫಲಿತಾಂಶ.

ಮೂರು ಶಿಫಾರಸು ಪತ್ರ ಬೇಕು. ವಿಭಾಗದ ಮುಖ್ಯಸ್ಥರ ಹೆಸರಿಗಿಂತ, ವಾರ್ಡಿನಲ್ಲಿ ನಿಮ್ಮ ಜೊತೆ ಆರು ವಾರ ನಿಂತ ಫಾರ್ಮಸಿಸ್ಟ್ ಬರೆದದ್ದಕ್ಕೆ ತೂಕ ಹೆಚ್ಚು. ಉದ್ದೇಶ ಪತ್ರವನ್ನು ಒಂದೇ ಅಚ್ಚಿನಲ್ಲಿ ಹೊಯ್ದು ಹತ್ತು ಕಡೆ ಕಳಿಸಿದರೆ ಓದುವವರಿಗೆ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ, ಅದರಲ್ಲೂ ಹಿಂದಿನ ಆಸ್ಪತ್ರೆಯ ಹೆಸರು ಬದಲಿಸಲು ಮರೆತಿದ್ದರೆ.

10. ಆದ್ಯತಾ ಪಟ್ಟಿಯಲ್ಲಿ ಜಾಣತನ ಮಾಡಬೇಡಿ

ಬಹಳ ಜನ ಎಡವುವುದು ಇಲ್ಲಿ. ‘ಮೊದಲ ಸ್ಥಾನಕ್ಕೆ ದೊಡ್ಡ ಆಸ್ಪತ್ರೆ ಹಾಕಿ ಅದು ಸಿಗದೇ ಹೋದರೆ, ಎರಡನೆಯದೂ ಕೈತಪ್ಪುತ್ತದಲ್ಲ? ಅದಕ್ಕಿಂತ ಗ್ಯಾರಂಟಿ ಇರುವುದನ್ನೇ ಮೇಲಿಡೋಣ’ ಎಂದು ಲೆಕ್ಕ ಹಾಕುತ್ತಾರೆ. ಸಿಇಟಿ ಆಪ್ಷನ್ ಎಂಟ್ರಿ ಮಾಡಿ ಬಂದವರಿಗೂ ಈ ಅಂಜಿಕೆ ಚೆನ್ನಾಗಿ ಗೊತ್ತು. ಮ್ಯಾಚ್‌ನಲ್ಲಿ ಈ ಅಂಜಿಕೆಗೆ ಬುಡವಿಲ್ಲ.

ಮ್ಯಾಚ್ ನಡೆಸುವುದು ನ್ಯಾಷನಲ್ ಮ್ಯಾಚಿಂಗ್ ಸರ್ವೀಸಸ್ ಎಂಬ ಕೆನಡಾದ ಸಂಸ್ಥೆ. ಅದರ ಸ್ಥಾಪಕ ಎಲಿಯಟ್ ಪೆರಾನ್ಸನ್, ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಜೊತೆ ಸೇರಿ 1990ರ ದಶಕದಲ್ಲಿ ಅಮೆರಿಕದ ವೈದ್ಯರ ಮ್ಯಾಚ್‌ನ ಲೆಕ್ಕವಿಧಾನವನ್ನು ಹೊಸದಾಗಿ ಕಟ್ಟಿದರು. ಅದರ ಮೂಲ 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಬರೆದ ಗಣಿತದ ಲೇಖನ. ಶಾಪ್ಲಿ ಮತ್ತು ರಾತ್ ಇಬ್ಬರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಫಾರ್ಮಸಿ ಮ್ಯಾಚ್‌ನಲ್ಲೂ ಬಳಸುವ ಈ ವಿಧಾನ ಕೆಲಸ ಮಾಡುವ ಬಗೆ ಸರಳ. ಕಂಪ್ಯೂಟರ್ ಮೊದಲು ನಿಮ್ಮನ್ನು ನಿಮ್ಮ ಒಂದನೇ ಆಯ್ಕೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಅಲ್ಲಿ ಜಾಗವಿದ್ದರೆ, ಅಥವಾ ಒಳಗಿರುವವರಲ್ಲಿ ಒಬ್ಬರಿಗಿಂತ ನೀವು ಆ ಆಸ್ಪತ್ರೆಯ ಪಟ್ಟಿಯಲ್ಲಿ ಮೇಲಿದ್ದರೆ, ತಾತ್ಕಾಲಿಕವಾಗಿ ಒಳಗೆ ಕೂರಿಸುತ್ತದೆ. ಇಲ್ಲವಾದರೆ ಎರಡನೆಯದಕ್ಕೆ. ಅಲ್ಲಿ ಬೇರೊಬ್ಬರು ಮೊದಲೇ ಕೂತಿದ್ದರೂ, ಆ ಆಸ್ಪತ್ರೆಗೆ ನೀವು ಹೆಚ್ಚು ಬೇಕಾದವರಾದರೆ ಅವರು ಏಳಬೇಕು, ನೀವು ಕೂರುತ್ತೀರಿ. ತಡವಾಗಿ ಬಂದದ್ದಕ್ಕೆ ದಂಡವಿಲ್ಲ. ಎಲ್ಲರೂ ನೆಲೆ ನಿಂತ ಮೇಲೆಯೇ ಫಲಿತಾಂಶ. ಆದ್ದರಿಂದ ಮನಸ್ಸಿನ ಕ್ರಮವನ್ನೇ ಪಟ್ಟಿಯ ಕ್ರಮ ಮಾಡಿ.

ಒಂದೇ ಎಚ್ಚರಿಕೆ: ಫಲಿತಾಂಶ ಎರಡೂ ಕಡೆಗೆ ಕಟ್ಟುಪಾಡು. ಹೋಗಲು ಮನಸ್ಸಿಲ್ಲದ ಜಾಗವನ್ನು ಪಟ್ಟಿಯ ಕೊನೆಯಲ್ಲೂ ಬರೆಯಬೇಡಿ.

11. ಮ್ಯಾಚ್ ಆಗದಿದ್ದರೆ ದಾರಿ ಮುಗಿಯಲಿಲ್ಲ

ಉಳಿದ ಸೀಟುಗಳಿಗೆ ಎರಡನೇ ಹಂತ ತಕ್ಷಣವೇ ನಡೆಯುತ್ತದೆ, ಅದರಲ್ಲಿ ಒಳ್ಳೆಯ ಜಾಗಗಳೂ ಇರುತ್ತವೆ. ಒಂದು ದಿನ ಅತ್ತು, ಮರುದಿನ ಅರ್ಜಿ ಹಾಕಿ.

ಅದೂ ಆಗದಿದ್ದರೆ ಹಳೆಯ ದಾರಿಗಳಿವೆ. ರಾತ್ರಿ ಪಾಳಿಗೆ ಜನ ಸಿಗುವುದು ಯಾವ ಆಸ್ಪತ್ರೆಗೂ ಸುಲಭವಲ್ಲ; ಏಳು ರಾತ್ರಿ ಕೆಲಸ, ಏಳು ದಿನ ರಜೆ ಎಂಬ ಹುದ್ದೆಗಳು ಎಷ್ಟೋ ಕಡೆ ಇವೆ. ರಾತ್ರಿ ಹೊತ್ತು ಇಡೀ ಆಸ್ಪತ್ರೆಗೆ ಫಾರ್ಮಸಿಸ್ಟ್ ನೀವೊಬ್ಬರೇ ಇರುವುದೂ ಉಂಟು. ಆಗ ಐಸಿಯು ಕರೆ, ತುರ್ತು ವಿಭಾಗದ ಕರೆ, ಮಕ್ಕಳ ಡೋಸ್ ಎಲ್ಲವೂ ನಿಮ್ಮದೇ ತಲೆಗೆ, ಕಲಿಯುವುದಕ್ಕೇನೂ ಬರವಿಲ್ಲ. ಗ್ರಾಮಾಂತರದ, ಹೆಚ್ಚೆಂದರೆ 25 ಹಾಸಿಗೆಯ ‘ಕ್ರಿಟಿಕಲ್ ಆಕ್ಸೆಸ್’ ಆಸ್ಪತ್ರೆಗಳೂ ಹೊಸಬರನ್ನು ತೆಗೆದುಕೊಳ್ಳುತ್ತವೆ. ಓದುವಾಗಲೇ ಆಸ್ಪತ್ರೆಯಲ್ಲಿ ಇಂಟರ್ನ್ ಆಗಿ ದುಡಿದವರಿಗೆ ಅದೇ ಆಸ್ಪತ್ರೆ ಕೆಲಸ ಕೊಡುವುದು ಇವತ್ತಿಗೂ ಅತಿ ಸುಲಭದ ಒಳದಾರಿ.

ಫಾರ್ಮಸಿ ತಜ್ಞರಿಗೆ ಪ್ರಮಾಣಪತ್ರ ಕೊಡುವ ಬಿಪಿಎಸ್ ಮಂಡಳಿಯ ಬಿಸಿಪಿಎಸ್ ಪರೀಕ್ಷೆಗೆ ಕೂರಲು ಪಿಜಿವೈ-1 ಮುಗಿಸಿರಬೇಕು, ಅಥವಾ ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. ಒಂದು ವರ್ಷದ ರೆಸಿಡೆನ್ಸಿ ಮೂರು ವರ್ಷದ ಅನುಭವಕ್ಕೆ ಸಮ ಎಂದು ಎಲ್ಲರೂ ಹೇಳುವ ಮಾತಿಗೆ ಇದೂ ಒಂದು ಆಧಾರ. ಮೂರು ವರ್ಷ ಪೂರ್ತಿ ಸಂಬಳದಲ್ಲಿ ಕಳೆದು ಅದೇ ಪ್ರಮಾಣಪತ್ರ ಪಡೆಯುವವರನ್ನು ದಡ್ಡರೆಂದು ನಾನಂತೂ ಕರೆಯಲಾರೆ.

12. ಕರ್ನಾಟಕದಿಂದ ಹೊರಡುವವರು ವೀಸಾದಿಂದ ಶುರು ಮಾಡಿ

ಹೊರದೇಶದಲ್ಲಿ ಓದಿದವರು ಮೊದಲು ಅಮೆರಿಕದ ರಾಜ್ಯ ಫಾರ್ಮಸಿ ಮಂಡಳಿಗಳ ಸಂಘ ಎನ್‌ಎಬಿಪಿ ನಡೆಸುವ ಎಫ್‌ಪಿಜಿಇಇ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ ಪಾಸಾಗಿ ಎಫ್‌ಪಿಜಿಇಸಿ ಪ್ರಮಾಣಪತ್ರ ಪಡೆಯಬೇಕು. 2003ರ ಜನವರಿ 1ರಿಂದ ಈಚೆಗೆ ಪದವಿ ಪಡೆದವರ ಫಾರ್ಮಸಿ ಕೋರ್ಸ್ ಕನಿಷ್ಠ ಐದು ವರ್ಷದ್ದಾಗಿರಬೇಕು. ನಮ್ಮ ನಾಲ್ಕು ವರ್ಷದ ಬಿ.ಫಾರ್ಮ್ ಅಲ್ಲೇ ನಿಂತುಹೋಗುತ್ತದೆ. 2008ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ತಂದ ಆರು ವರ್ಷದ ಫಾರ್ಮ್‌.ಡಿಗೆ ಆ ತೊಡಕಿಲ್ಲ. ಆಮೇಲೆ ರಾಜ್ಯ ಕೇಳುವಷ್ಟು ಇಂಟರ್ನ್ ಗಂಟೆಗಳು, ಹಲವು ಕಡೆ 1,500ರ ಆಸುಪಾಸು. ಆನಂತರ ನ್ಯಾಪ್ಲೆಕ್ಸ್.

ಎಎಸ್‌ಎಚ್‌ಪಿ ನಿಯಮದ ಪ್ರಕಾರ ಎಫ್‌ಪಿಜಿಇಸಿ ಇದ್ದವರು ರೆಸಿಡೆನ್ಸಿಗೆ ಅರ್ಹರು. ಬಾಗಿಲು ಮುಚ್ಚುವುದು ಬೇರೆ ಕಡೆ. ಎಷ್ಟೋ ಕಾರ್ಯಕ್ರಮಗಳು ‘ವೀಸಾ ಪ್ರಾಯೋಜಿಸುವುದಿಲ್ಲ’ ಎಂದು ಮೊದಲೇ ಬರೆದುಬಿಡುತ್ತವೆ. ಮಾಜಿ ಸೈನಿಕರ ಆಸ್ಪತ್ರೆಗಳ ಜಾಲ ಪೌರತ್ವ ಕೇಳುತ್ತದೆ. ಪಟ್ಟಿ ಮಾಡುವಾಗ ಮೊದಲ ಸೋಸು ಇದೇ ಇರಲಿ, ಊರಿನ ಹವಾಮಾನ ಆಮೇಲೆ. ಗಂಡನ ಜೊತೆ ಅವಲಂಬಿತ ವೀಸಾದಲ್ಲಿ ಹೋಗಿರುವ ಹೆಣ್ಣುಮಕ್ಕಳು ಗಮನಿಸಿ: ರೆಸಿಡೆನ್ಸಿ ಓದಲ್ಲ, ಸಂಬಳದ ಉದ್ಯೋಗ. ಕೆಲಸದ ಅನುಮತಿ ಇಲ್ಲದೆ ಒಂದು ದಿನವೂ ಆಗದು. ಹಸಿರು ಕಾರ್ಡ್ ಬಂದ ಮೇಲೆ ಅರ್ಜಿ ಹಾಕುವುದು ಎಷ್ಟೋ ಮಂದಿಗೆ ನಿಜವಾದ ದಾರಿ.

ಭಾರತದ ಫಾರ್ಮ್‌.ಡಿಯ ಆರನೇ ವರ್ಷವನ್ನು ರೆಸಿಡೆನ್ಸಿ ಎಂದು ಬಯೋಡೇಟಾದಲ್ಲಿ ಬರೆಯಬೇಡಿ. ಅದರಲ್ಲಿ ಆರು ತಿಂಗಳು ಜನರಲ್ ಮೆಡಿಸಿನ್, ಮೂರು ಬೇರೆ ವಿಭಾಗಗಳಲ್ಲಿ ಎರಡೆರಡು ತಿಂಗಳು ಇರುತ್ತದೆ. ಅಮೆರಿಕದವರ ಕಣ್ಣಿಗೆ ಅದು ಪದವಿಗೆ ಮುಂಚಿನ ವಾರ್ಡ್ ತರಬೇತಿ. ಅದರ ಬದಲು ಏನು ಮಾಡಿದಿರೋ ಅದನ್ನು ಬರೆಯಿರಿ: ಯಾವ ವಾರ್ಡು, ಎಂಥ ರೋಗಿಗಳು, ಎಂಥ ಸಲಹೆ ಕೊಟ್ಟಿರಿ, ವೈದ್ಯರು ಯಾವುದನ್ನು ಒಪ್ಪಿದರು.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಹೊರದೇಶದ ಫಾರ್ಮಸಿಸ್ಟರಿಗೆಂದೇ ಇರುವ ಓಸ್ಪ್ಯಾಪ್ ಕೋರ್ಸ್, ಆಮೇಲೆ 52 ವಾರದ ಫೌಂಡೇಷನ್ ತರಬೇತಿ, ನೋಂದಣಿ ಪರೀಕ್ಷೆ. ಅಮೆರಿಕವೇ ಆಗಬೇಕೆಂಬ ಹಟವಿಲ್ಲದಿದ್ದರೆ ಅದನ್ನೂ ತೂಗಿ ನೋಡಿ.

ಊರಲ್ಲೇ ಉಳಿಯುವವರಿಗೆ ಒಂದೇ ಕಿವಿಮಾತು. ಎನ್‌ಎಬಿಎಚ್ ಎಂಬ ಆಸ್ಪತ್ರೆ ಗುಣಮಟ್ಟದ ಮಾನ್ಯತೆಯಲ್ಲಿ ಔಷಧ ನಿರ್ವಹಣೆಗೆಂದೇ ಒಂದು ಅಧ್ಯಾಯವಿದೆ. ದೊಡ್ಡ ಆಸ್ಪತ್ರೆಗಳು ಕ್ಲಿನಿಕಲ್ ಫಾರ್ಮಸಿಸ್ಟರನ್ನು ಇಟ್ಟುಕೊಳ್ಳುವುದಕ್ಕೆ ಅದೂ ಒಂದು ಕಾರಣ. ಸಂದರ್ಶನದಲ್ಲಿ ನೀವೇ ಕೇಳಿ: ಫಾರ್ಮಸಿಸ್ಟ್ ರೌಂಡ್ಸ್‌ಗೆ ಹೋಗುತ್ತಾರೋ, ಚೀಟಿಗಳ ಆಡಿಟ್ ಮಾಡಿ ರಿಜಿಸ್ಟರ್ ತುಂಬುವುದಷ್ಟೇನೋ? ಔಷಧದ ಅಡ್ಡಪರಿಣಾಮಗಳನ್ನು 2010ರಲ್ಲಿ ಶುರುವಾದ ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ಯಾರು ವರದಿ ಮಾಡುತ್ತಾರೆ? ರೆಸಿಡೆನ್ಸಿ ಎಂಬ ಹೆಸರಿನ ತರಬೇತಿ ಇದ್ದರೂ ಇವೇ ಪ್ರಶ್ನೆಗಳು. ಉತ್ತರ ಚೆನ್ನಾಗಿದ್ದರೆ ಮೊದಲ ಸಂಬಳ ಎರಡು ಸಾವಿರ ರೂಪಾಯಿ ಕಡಿಮೆಯಾದರೂ ಸೇರಿ.

13. ಸೇರಿದ ಮೇಲೆ

ಪರವಾನಗಿ ಪರೀಕ್ಷೆಗೆ ಪದವಿ ಬಂದ ಕೂಡಲೇ ದಿನಾಂಕ ಹಿಡಿಯಿರಿ. ಆರಂಭದ ಕೆಲವು ತಿಂಗಳೊಳಗೆ ಪರವಾನಗಿ ಬರದಿದ್ದರೆ ಸೀಟೇ ಹೋಗಬಹುದು. ಪ್ರಾಜೆಕ್ಟಿಗೆ ಸಣ್ಣ ಪ್ರಶ್ನೆ ಆರಿಸಿ. ಇಡೀ ಆಸ್ಪತ್ರೆಯನ್ನು ಬದಲಿಸುವ ಪ್ರಾಜೆಕ್ಟುಗಳು ಮೇ ತಿಂಗಳಲ್ಲೂ ಮುಗಿದಿರುವುದಿಲ್ಲ. ರೌಂಡ್ಸ್‌ನಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದರೆ ‘ನೋಡಿ ಹತ್ತು ನಿಮಿಷದಲ್ಲಿ ಹೇಳುತ್ತೇನೆ’ ಎನ್ನಿ, ಹತ್ತೇ ನಿಮಿಷದಲ್ಲಿ ಹೇಳಿ. ಕೇಂದ್ರ ಫಾರ್ಮಸಿಯ ಟೆಕ್ನಿಷಿಯನ್ನರ ಹೆಸರು ಮೊದಲ ವಾರದಲ್ಲೇ ಕಲಿಯಿರಿ. ರಾತ್ರಿ ಔಷಧ ಎಲ್ಲಿದೆ ಎಂದು ಗೊತ್ತಿರುವವರು ಅವರೇ.

ಜೂನ್ ಕೊನೆಗೆ ವರ್ಷ ಮುಗಿಯುತ್ತದೆ. ಕೆಲಸದ ಹುಡುಕಾಟ ಜನವರಿಯಲ್ಲೇ ಶುರುವಾಗಲಿ. ಮೊದಲು ನಿಮ್ಮ ಸ್ವಂತ ನಿರ್ದೇಶಕರ ಕೋಣೆಗೆ ಹೋಗಿ, ಈ ವರ್ಷ ಯಾವ ಹುದ್ದೆ ಖಾಲಿಯಾಗಲಿದೆ ಎಂದು ನೇರವಾಗಿ ಕೇಳಿ.